ಮುಚ್ಚಿಕೊಳ್ಳುವ ಕೈ

ಮೇಣದ ಪ್ರತಿಮೆ ಮಾಡುವ ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಒಬ್ಬರು ಮಾಡಿದ ಅಂಗವನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಮುಖ ಅತ್ತೆಯದು. ಮೈ ಮತ್ತು ತೋಳು ಮಾವನದು. ಕೈಗಳು ಅಕ್ಕನದು. ಕೂದಲು, ಬಟ್ಟೆಯ ಅಂಚು, ಗುಂಡಿ, ಚಪ್ಪಲಿಯ ಪಟ್ಟಿ, ಇಂಥ ಚಿಲ್ಲರೆ ಕೆಲಸವೆಲ್ಲ ಬೆಕ್ಕಿನದು. ಅತ್ತೆ ಮಾಡಿದ ಮೂಗು ಸೊಟ್ಟಗಿದೆ ಎಂದು ಮಾವನಿಗೆ ಅನ್ನಿಸಿದರೆ ಬಾಯಲ್ಲಿ ಹೇಳಬಹುದಿತ್ತು, ಹೇಳಿ ಬೈಸಿಕೊಳ್ಳಲೂಬಹುದಿತ್ತು, ಬೆರಳು ಮಾತ್ರ ತಾಗಿಸುವಂತಿರಲಿಲ್ಲ. ಇಬ್ಬರ ಬೆರಳು ಒಟ್ಟಿಗೆ ಬೀಳುತ್ತಿದ್ದದ್ದು ಒಂದೇ ಕಡೆ, ಬೆಸುಗೆಯಲ್ಲಿ. ತೋಳು ಮಾಡಿದವರು ಮತ್ತು ಕೈ ಮಾಡಿದವರು ಎದುರುಬದುರು ನಿಂತು, ಕಾದ ಚಾಕುವಿನಿಂದ ಎರಡೂ ತುದಿಗಳನ್ನು ಕರಗಿಸಿ, ನಾಲ್ಕು ಹೆಬ್ಬೆರಳಿನಿಂದ ಒತ್ತಿ ಹಿಡಿದು ಇಪ್ಪತ್ತು ಎಣಿಸಬೇಕು. ಒಬ್ಬರೇ ಮಾಡಿದ ಬೆಸುಗೆ ಕಂಚಿನ ಎರಕದವನ ಗಾಡಿ ಹತ್ತುವ ಮೊದಲೇ ಬಿಟ್ಟುಕೊಳ್ಳುತ್ತದೆ ಎಂದು ಅತ್ತೆ ಹೇಳುತ್ತಿದ್ದರು.

ಬೆಕ್ಕು ಎಂದರೆ ಅಕ್ಕನ ತಂಗಿ. ನಡೆದರೆ ಸದ್ದಾಗುತ್ತಿರಲಿಲ್ಲ, ಹೊರಗಿನವರು ಬಂದರೆ ಕಪಾಟಿನ ಹಿಂದೆ ಸರಿಯುತ್ತಿದ್ದಳು. ಅದಕ್ಕೇ ಆ ಹೆಸರು. ಎದ್ದು ನಿಂತು ಓದು ಎಂದಾಗಲೆಲ್ಲ ಗಂಟಲು ಕಟ್ಟಿಕೊಂಡು, ಏಳನೆಯದಕ್ಕೇ ಶಾಲೆ ಬಿಟ್ಟು, ಮೇಣದ ಬಾಂಡ್ಲಿಯ ಪಕ್ಕ ಬಂದು ಕೂತವಳು. ಅಪ್ಪ ಅಮ್ಮ ಹೋದ ಮೇಲೆ ಇಬ್ಬರನ್ನೂ ಸಾಕಿದ್ದು ಅಪ್ಪನ ಅಕ್ಕ, ಅಂದರೆ ಈ ಅತ್ತೆ. ಅಕ್ಕ ಬೆಕ್ಕಿಗಿಂತ ಒಂಬತ್ತು ವರ್ಷ ದೊಡ್ಡವಳು. ಈಗ ಅಕ್ಕ ಸತ್ತು ಹನ್ನೊಂದು ತಿಂಗಳಾಗಿತ್ತು.

ಹನ್ನೊಂದು ತಿಂಗಳಿಂದ ಆ ಅಂಗಡಿಯಲ್ಲಿ ಯಾರೂ ಕೈ ಮಾಡಿರಲಿಲ್ಲ. ಬಂದ ಕೆಲಸಗಳನ್ನು ಅತ್ತೆ ಉಪಾಯದಿಂದ ಸಾಗಿಸಿದ್ದರು. ಒಂದು ಪ್ರತಿಮೆಯ ಕೈ ಬೆನ್ನ ಹಿಂದೆ ಹೋಯಿತು, ಇನ್ನೊಂದರದ್ದು ಕೋಟಿನ ಜೇಬಿಗೆ ಇಳಿಯಿತು, ಮೂರನೆಯದನ್ನು ಎದೆಯವರೆಗೆ ಸಾಕು ಎಂದು ಒಪ್ಪಿಸಿದ್ದಾಯಿತು.

"ಏನಮ್ಮ ಇದು, ಊರಿನ ದೊಡ್ಡ ಮನುಷ್ಯರೆಲ್ಲ ಜೇಬಲ್ಲಿ ಕೈ ಇಟ್ಕೊಂಡೇ ನಿಂತವ್ರೆ. ಅಷ್ಟು ಚಳೀನಾ ಅವರಿಗೆ?" ಎಂದು ರೇಡಿಯೋ ಕೇಳಿದ್ದಳು. ರೇಡಿಯೋ ಎಂದರೆ ಮೇಣದ ಮೈಯನ್ನು ಬಟ್ಟೆಯಿಂದ ತಿಕ್ಕಿ ನುಣುಪು ಮಾಡುವ ಹೆಂಗಸು. ಬೆಳಿಗ್ಗೆ ಬಾಗಿಲು ದಾಟಿದರೆ ಸಂಜೆ ಚಪ್ಪಲಿ ಮೆಟ್ಟುವವರೆಗೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

ಆದರೆ ಆಸ್ಪತ್ರೆಯವರ ಕೆಲಸದಲ್ಲಿ ಉಪಾಯ ನಡೆಯಲಿಲ್ಲ. ಅಲ್ಲಿ ನಲವತ್ತು ವರ್ಷ ದುಡಿದು ತೀರಿಕೊಂಡ ಒಬ್ಬ ನರ್ಸಮ್ಮನ ಪ್ರತಿಮೆ ಬೇಕಿತ್ತು, ನಿಂತಿರುವುದು, ಒಂದೂವರೆ ಆಳೆತ್ತರ. ಇಲ್ಲಿ ಮೇಣದಲ್ಲಿ ಮಾಡಿಕೊಟ್ಟರೆ ಎರಕದವನು ಅದಕ್ಕೆ ಮಣ್ಣಿನ ಅಚ್ಚು ಕಟ್ಟಿ, ಮೇಣ ಕರಗಿಸಿ ಹರಿಯಬಿಟ್ಟು, ಆ ಜಾಗಕ್ಕೆ ಕಂಚು ಹೊಯ್ಯುತ್ತಾನೆ. ಎಡಗೈಯಲ್ಲಿ ಕಡತ ಇದ್ದರೂ ನಡೆಯುತ್ತದೆ, ಬಲಗೈ ಮಾತ್ರ ಚಾಚಿರಬೇಕು ಎಂದರು ಅವರು. ಅಂಗೈ ಮೇಲಾಗಿರಬೇಕು, ಬೆರಳು ಬಿಚ್ಚಿರಬೇಕು. ಅವರನ್ನು ಕಂಡವರಿಗೆಲ್ಲ ಆ ಕೈಯೇ ನೆನಪಂತೆ.

"ಬೆಕ್ಕೇ, ಈ ಸಲ ಕೈ ನಿನ್ನದು," ಎಂದರು ಅತ್ತೆ. ಅವಳು ಒಲ್ಲೆನೆಂದು ತಲೆಯಾಡಿಸುವಷ್ಟರಲ್ಲಿ ಬೇರೆ ಕಡೆ ತಿರುಗಿಬಿಟ್ಟರು.

ಅವಳು ಮೂರು ಸಲ ಮಾಡಿದಳು. ಮೂರು ಸಲವೂ ಬೆರಳುಗಳು ಸೌತೆಕಾಯಿ ಜೋಡಿಸಿಟ್ಟಂತೆ ಕಂಡವು. ಕೈ ಮಾಡಬೇಕಾದರೆ ಕೈ ನೋಡಬೇಕು. ಚಾಚಿದ ಕೈಯನ್ನು ಮನಸ್ಸಿಗೆ ತಂದುಕೊಂಡರೆ ಸಾಕು, ಅವಳಿಗೆ ಕಾಣುತ್ತಿದ್ದದ್ದು ಒಂದೇ ಕೈ. ಅದೇ ಆಸ್ಪತ್ರೆಯ ಎರಡನೆಯ ಮಹಡಿ, ಕೊನೆಯ ಕೋಣೆ, ಹಸಿರು ಬಣ್ಣದ ಬಾಗಿಲು. ಅಕ್ಕ ಮಂಚದ ಮೇಲೆ ಅರ್ಧ ಎದ್ದು, ಇವಳನ್ನು ಕಂಡು ಕೈ ಚಾಚಿದ್ದಳು. ಮೂಗಿನಲ್ಲಿ ನಳಿಗೆ, ತುಟಿ ಬಿಳಿಚಿ, ಮುಖ ಬೇರೆ ಯಾರದೋ ಆಗಿತ್ತು. ಬೆಕ್ಕು ಹೊಸ್ತಿಲಿನಲ್ಲೇ ನಿಂತಳು. ಒಳಗೆ ಹೋಗಬೇಕೆಂದು ಕಾಲಿಗೆ ಹೇಳುತ್ತಲೇ ಇದ್ದಳು, ಕಾಲು ಕೇಳಲಿಲ್ಲ. ಚಾಚಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದು, ಮೆಲ್ಲಗೆ ಹೊದಿಕೆಯ ಮೇಲೆ ಇಳಿಯಿತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಮೊದಲು ಕಿರುಬೆರಳು. ಮರುದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಮಂಚ ಖಾಲಿ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ನಾಲ್ಕನೆಯ ಕೈ ಮಾಡುವ ಬದಲು ಅವಳು ಮೇಲಿನ ಅಟ್ಟಣಿಗೆಯಿಂದ ತಗಡಿನ ಡಬ್ಬಿ ಇಳಿಸಿದಳು. ಅದರಲ್ಲಿ ಹತ್ತಿ ಬಟ್ಟೆ ಸುತ್ತಿದ ಒಂದು ಬಲಗೈ ಇತ್ತು. ಅಕ್ಕ ಯಾರೂ ಹೇಳದೆ, ತನ್ನ ಪಾಡಿಗೆ ತಾನು ಮಾಡಿಟ್ಟದ್ದು. ಅವಳ ಎಲ್ಲ ಅಭ್ಯಾಸದ ಕೈಗಳ ಹಾಗೆ ಇದೂ ಒಂದೂವರೆ ಪಟ್ಟು ದೊಡ್ಡದು. ಬೆರಳುಗಳು ಅರ್ಧ ಮಡಚಿದ್ದವು. ಮಣಿಕಟ್ಟಿನ ಒಳಬದಿಯಲ್ಲಿ ಅಕ್ಕ ಸವರದೆ ಬಿಟ್ಟ ಹೆಬ್ಬೆರಳ ಗುರುತು ಇತ್ತು, ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ.

ಬೆರಳು ಬಿಚ್ಚಿದರಾಯಿತು, ಚಾಚಿದ ಕೈ ಆಗುತ್ತದೆ. ಸರಿಯಾಗಿ ಬಿಚ್ಚಬೇಕಾದರೆ ಕೈಯನ್ನು ಬಿಸಿನೀರಿನಲ್ಲಿ ಮುಳುಗಿಸಿ, ಮೇಣ ಒಳತಿರುಳಿನವರೆಗೆ ಮೆತ್ತಗಾಗುವ ತನಕ ಕಾಯಬೇಕು. ಹಾಗೆ ಮಾಡಿದರೆ ಗೆರೆಗಳು ಕರಗಿ ಹೋಗುತ್ತವೆ. ಅವಳು ಬಿಸಿನೀರಿಗೆ ಹಾಕಲಿಲ್ಲ. ಬೆರಳ ಬುಡಕ್ಕೆ ಬಾಯಿಂದ ಬಿಸಿಯುಸಿರು ಊದಿ, ಬೆಚ್ಚಗಿನ ಬಟ್ಟೆ ಒತ್ತಿ, ಒಂದೊಂದನ್ನೇ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಬಗ್ಗಿಸುತ್ತ ಎರಡು ದಿನ ತೆಗೆದುಕೊಂಡಳು. ಕೊನೆಗೆ ಕೈ ಬಿಚ್ಚಿತು. ತಾನೇ ಮಾಡಿದ್ದೆಂದು ಅದನ್ನು ಮೇಜಿನ ಮೇಲಿಟ್ಟಳು.

ಮಾವ ಕನ್ನಡಕ ಹಣೆಗೇರಿಸಿ ನೋಡಿದರು. "ಅವಳ ಕೈಯೇ ಬಂದಿದೆಯಲ್ಲೇ ನಿನಗೆ!"

ಅತ್ತೆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹಾಗೇ ಕೆಳಗಿಟ್ಟು, "ಬೆಸುಗೆ ಹಾಕಿ," ಎಂದರು. ಮಾವ ಒಂದು ಕಡೆ, ಬೆಕ್ಕು ಒಂದು ಕಡೆ ನಿಂತು ಒತ್ತಿ ಹಿಡಿದರು. ಮಾವ ಗಟ್ಟಿಯಾಗಿ ಎಣಿಸಿದರು. ಅವಳಿಗೆ ಏಳರ ನಂತರ ಏನೂ ಕೇಳಿಸಲಿಲ್ಲ.

ಅದು ಸೋಮವಾರ. ಎರಕದವನ ಗಾಡಿ ಬರುವುದು ಶನಿವಾರ.

ಸಂಜೆ ಮನೆಗೆ ಹೋಗುವ ಮುಂಚೆ ಪ್ರತಿಮೆಗೆ ಬಿಳಿ ಬಟ್ಟೆ ಹೊದಿಸುವುದು ರೂಢಿ, ಧೂಳು ಕೂರಬಾರದಲ್ಲ. ಚಾಚಿದ ಕೈಯ ಮೇಲೆ ಬಟ್ಟೆ ಡೇರೆಯ ಹಾಗೆ ಎದ್ದು ನಿಂತಿತ್ತು. ಐದು ಬೆರಳ ತುದಿಗಳು ಐದು ಚಿಕ್ಕ ಗುಬಟುಗಳಾಗಿ ಕಾಣುತ್ತಿದ್ದವು. ಯಾರೋ ಒಳಗೆ ನಿಂತು, ಹೊರಗೆ ಬರಲು ದಾರಿ ತಡಕುತ್ತಿರುವಂತೆ ಇತ್ತು.

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಗುಬಟುಗಳು ನಾಲ್ಕೇ ಇದ್ದವು.

ಬೆಕ್ಕು ಬಟ್ಟೆ ಎತ್ತಿ ನೋಡಿದಳು. ಕಿರುಬೆರಳು ಒಳಕ್ಕೆ ವಾಲಿತ್ತು. ಎಲ್ಲರೂ ಚಹಾಕ್ಕೆಂದು ಹಿಂದಿನ ಕಟ್ಟೆಗೆ ಹೋದಾಗ ಅವಳು ಮತ್ತೆ ಬಿಸಿಯುಸಿರು ಊದಿ ಅದನ್ನು ಬಿಚ್ಚಿದಳು. ಬುಧವಾರ ಬೆಳಿಗ್ಗೆ ಕಿರುಬೆರಳ ಜೊತೆ ಉಂಗುರದ ಬೆರಳೂ ಮಡಚಿತ್ತು. ಈ ಸಲ ಅವಳಿಗಿಂತ ಮೊದಲು ರೇಡಿಯೋ ನೋಡಿಬಿಟ್ಟಳು.

"ಅಯ್ಯಯ್ಯೋ! ನಿನ್ನೆ ನಾನೇ ತಿಕ್ಕಿದೀನಿ ಇದನ್ನ. ಬೆರಳು ನೆಟ್ಟಗಿತ್ತು. ಯಾರು ಮುಟ್ಟಿದ್ರಿ?"

"ನಿನ್ನ ಕಣ್ಣಿಗೆ ಏನೇನೋ ಕಾಣುತ್ತೆ," ಎಂದರು ಮಾವ. ಆದರೂ ಹತ್ತಿರ ಬಂದು ನೋಡಿ, ಗಲ್ಲ ಕೆರೆದುಕೊಂಡರು. ಯಾರೂ ಮುಟ್ಟುವವರಲ್ಲ. ಮೂವತ್ತು ವರ್ಷದಲ್ಲಿ ಆ ಅಂಗಡಿಯಲ್ಲಿ ಯಾರೂ ಇನ್ನೊಬ್ಬರ ಅಂಗ ಮುಟ್ಟಿರಲಿಲ್ಲ.

ರೇಡಿಯೋ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದ್ದನ್ನು ಬೆಕ್ಕು ಕೇಳಿದ್ದು ಅದೇ ಮೊದಲು. "ಕೈ ಕೆಲಸ ಯಾರದಿತ್ತು ಇಲ್ಲಿ? ಹೇಳಿ. ಅವಳ ಜಾಗಕ್ಕೆ ಇನ್ನೊಬ್ರು ಬಂದ್ರೆ ಸುಮ್ನಿರ್ತಾಳಾ? ಬಂದು ಹೋಗ್ತಾವ್ಳೆ."

"ಬಾಯಿ ಮುಚ್ಕೊಂಡು ತಿಕ್ಕು," ಎಂದರು ಅತ್ತೆ.

ಮಾವ ಲೆಕ್ಕಾಚಾರದ ಮನುಷ್ಯ. ಅಂದು ಬೀಗ ಹಾಕುವ ಮುಂಚೆ ಅಚ್ಚಿಗೆ ಬಳಸುವ ಬಿಳಿ ಪುಡಿಯನ್ನು ಪ್ರತಿಮೆಯ ಸುತ್ತ ಜರಡಿ ಹಿಡಿದಂತೆ ಉದುರಿಸಿದರು. "ಬಂದು ಹೋಗುವವರು ಹೆಜ್ಜೆ ಇಟ್ಟುಕೊಂಡೇ ಬರಬೇಕಲ್ಲ. ಮನುಷ್ಯರೋ ಇಲಿಯೋ ನೋಡೇ ಬಿಡೋಣ."

ಗುರುವಾರ ಬೆಳಿಗ್ಗೆ ಪುಡಿ ಹಾಸಿದ್ದು ಹಾಸಿದ ಹಾಗೇ ಇತ್ತು. ಇಲಿಯ ಬಾಲದ ಗೀರೂ ಇರಲಿಲ್ಲ. ಮೇಲೆ ಬಟ್ಟೆಯಲ್ಲಿ ಗುಬಟುಗಳೇ ಇರಲಿಲ್ಲ, ಬರಿಯ ಒಂದು ಗುಂಡನೆಯ ಉಬ್ಬು. ಮಾವ ಬಟ್ಟೆ ಎಳೆಯಲು ಹೋದವರು ಅರ್ಧಕ್ಕೆ ಕೈ ಹಿಂತೆಗೆದರು. ಎಳೆದದ್ದು ಬೆಕ್ಕೇ.

ಐದೂ ಬೆರಳು ಮಡಚಿದ್ದವು. ಯಾರಿಗೋ ಕೈ ಚಾಚಿ, ಅವರು ಬರದಿದ್ದಾಗ ಹಿಂದಕ್ಕೆ ಎಳೆದುಕೊಂಡ ಕೈ ಅದು. ಆ ಕೈಯನ್ನು ಅವಳು ಮೊದಲೂ ನೋಡಿದ್ದಳು, ಹಸಿರು ಬಾಗಿಲಿನಾಚೆ. ಅವಳ ಕಾಲಿನ ಕೆಳಗೆ ಬಿಳಿ ಪುಡಿಯಲ್ಲಿ ಅವಳದೇ ಎರಡು ಹೆಜ್ಜೆ ಮೂಡಿದ್ದವು, ಬೇರೆ ಯಾವುದೂ ಇಲ್ಲ.

"ಪೊರಕೆ ತಗೊಂಡು ಇದನ್ನೆಲ್ಲ ಗುಡಿಸಿ, ಹೋಗಿ ಎರಕದವನಿಗೆ ಶನಿವಾರ ಗಾಡಿ ಸಂಜೆ ತರೋಕೆ ಹೇಳಿ ಬನ್ನಿ," ಎಂದರು ಅತ್ತೆ ಮಾವನಿಗೆ. "ಈ ರೇಡಿಯೋನೂ ಜೊತೆಗೆ ಕರ್ಕೊಂಡು ಹೋಗಿ. ದಾರಿಯಲ್ಲಿ ಮಾತಾಡೋಕೆ ಯಾರಾದರೂ ಬೇಕಲ್ಲ ನಿಮಗೆ."

"ನನಗಾ? ಬೇಡವೇ ಬೇಡ," ಎಂದರು ಮಾವ. ಆದರೂ ಹೋದರು. ಬೀದಿಯ ತಿರುವಿನವರೆಗೂ ರೇಡಿಯೋ ದನಿ ಕೇಳುತ್ತಿತ್ತು.

ಅತ್ತೆ ಮುಂಬಾಗಿಲಿಗೆ ಅಗುಳಿ ಹಾಕಿ ಬಂದು, ಮಣೆಯ ಮೇಲೆ ಕೂತರು.

"ಕಳೆದ ವರ್ಷ ನಾನು ಒಂದು ಬಾಂಡ್ಲಿ ಮೇಣಕ್ಕೆ ರಾಳ ಜಾಸ್ತಿ ಹಾಕಿಬಿಟ್ಟಿದ್ದೆ. ಕಂದು ಬಂದಿತ್ತು. ನೆನಪಿದೆಯಾ?"

ಬೆಕ್ಕು ನೆಲ ನೋಡಿದಳು.

"ಈ ವರ್ಷದ ಮೇಣ ಹಳದಿ. ನಿನ್ನ ಕೈ ಕಂದು. ಸೋಮವಾರವೇ ಕಂಡಿತ್ತು ನನಗೆ. ನೀನಾಗಿ ಹೇಳ್ತೀಯ ಅಂತ ನಾಲ್ಕು ದಿನ ಕಾದೆ."

ಅವಳು ಬಾಯಿ ತೆರೆದಳು. ಅತ್ತೆ ಅವಸರ ಮಾಡಲಿಲ್ಲ. ಒಲೆಯ ಮೇಲೆ ಬಾಂಡ್ಲಿ ಪುಟಪುಟ ಎನ್ನುತ್ತಿತ್ತು.

"ಅಕ್ಕ ಕೈ ಹಿಂದಕ್ಕೆ ತಗೊಳ್ತಿದ್ದಾಳೆ ಅತ್ತೆ," ಎಂದಳು ಕೊನೆಗೆ. "ಅವತ್ತು ನನಗೆ ಕೈ ಚಾಚಿದ್ಳು. ನಾನು ಹೋಗಲಿಲ್ಲ. ಬಾಗಿಲಲ್ಲೇ ನಿಂತಿದ್ದೆ. ಮುಖ ನೋಡಿ ಹೆದರಿಕೆ ಆಯ್ತು. ಅವಳು ಹೀಗೇ ಮಡಚಿಕೊಂಡ್ಳು, ಕಿರುಬೆರಳು ಮೊದಲು. ನಾನು ಎಷ್ಟು ಬಿಚ್ಚಿದ್ರೂ ಮತ್ತೆ ಮತ್ತೆ ಹಾಗೇ ಮಾಡ್ತಿದ್ದಾಳೆ. ನನ್ನನ್ನ ಬೇಡ ಅಂತಿದ್ದಾಳೆ."

ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದು ಹನ್ನೊಂದು ತಿಂಗಳಲ್ಲಿ ಇದೇ ಮೊದಲು.

ಅತ್ತೆ ಎದ್ದು ಹೋಗಿ ಒಲೆಯ ಉರಿ ತಗ್ಗಿಸಿ ಬಂದು ಕೂತರು. ಆಮೇಲೆ, "ಒಳಗಿನ ತನಕ ಕಾಯಿಸದೆ ಬಗ್ಗಿಸಿದ ಮೇಣ ಏನು ಮಾಡುತ್ತೆ?" ಎಂದು ಕೇಳಿದರು.

ಅದು ಅವಳು ಅಂಗಡಿಗೆ ಬಂದ ಮೊದಲ ವಾರದಲ್ಲೇ ಕಲಿತ ಪಾಠ. ಮೇಣಕ್ಕೆ ತಾನು ಮೊದಲು ಇದ್ದ ರೂಪದ ನೆನಪಿರುತ್ತದೆ. ಮೇಲುಮೇಲೆ ಬೆಚ್ಚಗೆ ಮಾಡಿ ಬಗ್ಗಿಸಿದರೆ ಬಗ್ಗಿದಂತೆ ತೋರಿಸಿಕೊಂಡು, ತಗಡಿನ ಸೂರಿನ ಸೆಕೆಗೆ, ಒಲೆಯ ಕಾವಿಗೆ, ಮೆಲ್ಲಮೆಲ್ಲಗೆ ಹಳೆಯದಕ್ಕೇ ಮರಳುತ್ತದೆ. ತೆಳ್ಳಗಿದ್ದದ್ದು ಮೊದಲು. ಕಿರುಬೆರಳು ಎಲ್ಲಕ್ಕಿಂತ ತೆಳ್ಳಗೆ.

"ವಾಪಸ್ ಹೋಗುತ್ತೆ," ಎಂದಳು.

"ಗೊತ್ತಿದ್ದೂ ಬಿಸಿನೀರಿಗೆ ಯಾಕೆ ಹಾಕಲಿಲ್ಲ?"

"ಗೆರೆ ಹೋಗ್ತಿತ್ತು." ಅವಳು ಮಣಿಕಟ್ಟಿನ ಕಡೆ ತೋರಿಸಿದಳು. "ಅವಳ ಬೆರಳಿನ ಗೆರೆ."

ಅತ್ತೆ ಎದ್ದು ಬಂದು ಆ ಗುರುತನ್ನು ನೋಡಿದರು. ಮುಟ್ಟಲಿಲ್ಲ. ಮುಖ ಅತ್ತ ತಿರುಗಿಸಿ, ಕೆಲಸಕ್ಕೆಂದು ಸೊಂಟಕ್ಕೆ ಕಟ್ಟಿದ ಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡರು.

"ಆಸ್ಪತ್ರೇಲಿ ಅವಳು ಏನಂದುಕೊಂಡಳೋ ನನಗೆ ಗೊತ್ತಿಲ್ಲ ಕಣೇ. ಗೊತ್ತು ಅಂತ ಸುಳ್ಳು ಹೇಳಿ ನಿನ್ನನ್ನ ಸಮಾಧಾನ ಮಾಡಲ್ಲ. ಆದರೆ ಇದನ್ನ ಅವಳ ಕೈ ಅಂದುಕೊಂಡಿದ್ದೀಯಲ್ಲ, ಅದು ತಪ್ಪು."

"ಅಕ್ಕನೇ ಮಾಡಿದ್ದು."

"ಮಾಡಿದ್ದು ಅವಳು. ಕೈ ನಿನ್ನದು."

ಬೆಕ್ಕು ತನ್ನ ಬಲಗೈ ಎತ್ತಿ ನೋಡಿದಳು. ಮೇಣದ ಕೈಯನ್ನು ನೋಡಿದಳು. ಹೋಲಿಕೆ ಏನೂ ಕಾಣಲಿಲ್ಲ.

"ಹಾಗೆ ನೋಡಿದರೆ ಸಿಗಲ್ಲ. ಅದು ನಿದ್ದೆ ಮಾಡ್ತಿರೋ ಕೈ," ಎಂದರು ಅತ್ತೆ. "ನಿನ್ನನ್ನ ಎಬ್ಬಿಸೋಕೆ ಮುಂಚೆ ನಿನ್ನ ಮಂಚದ ಅಂಚಿನಲ್ಲಿ ಕೂತು ಮಾಡ್ತಿದ್ಳು. ಮೇಣ ಗಟ್ಟಿ ಆಗಬಾರದು ಅಂತ ಬಿಸಿ ಬಟ್ಟೇಲಿ ಸುತ್ತಿಕೊಂಡು ಬರ್ತಿದ್ಳು. ಹತ್ತು ಹನ್ನೆರಡು ಬೆಳಿಗ್ಗೆ ಹಿಡೀತು. ನಾನು ಬೈದಿದ್ದೀನಿ, ಹಾಸಿಗೆ ಎಲ್ಲ ಮೇಣ ಮಾಡ್ತೀಯ ಅಂತ. 'ಎದ್ದಿರುವಾಗ ಇವಳು ಕೈಯನ್ನೂ ಮುಚ್ಚಿಟ್ಟುಕೊಳ್ತಾಳೆ ಅತ್ತೆ, ಮಲಗಿದಾಗಲೇ ಸಿಗೋದು' ಅಂದಿದ್ಳು."

ಬೆಕ್ಕು ಮೇಣದ ಕೈಯ ಹತ್ತಿರಕ್ಕೆ ಬಾಗಿದಳು.

"ಒಳಗೆ ನೋಡು," ಎಂದರು ಅತ್ತೆ. "ಮಡಚಿದ ಬೆರಳು ಅಂಗೈಗೆ ತಾಗಿದೆಯಾ?"

ತಾಗಿರಲಿಲ್ಲ. ನಾಲ್ಕು ದಿನ ಆ ಕೈಯೊಂದಿಗೆ ಗುದ್ದಾಡಿದವಳು ಅದನ್ನು ನೋಡಿಯೇ ಇರಲಿಲ್ಲ. ಬೆರಳಿಗೂ ಅಂಗೈಗೂ ನಡುವೆ ಉದ್ದಕ್ಕೆ ಒಂದು ಪೊಳ್ಳು ಇತ್ತು, ಕೋಲೊಂದನ್ನು ಹಿಡಿದು, ಆಮೇಲೆ ಯಾರೋ ಕೋಲು ಎಳೆದುಕೊಂಡ ಹಾಗೆ.

"ಅವಳ ತೋರುಬೆರಳು. ಅದನ್ನ ಹಿಡ್ಕೊಂಡೇ ಮಲಗ್ತಿದ್ದೆ ನೀನು, ಹತ್ತೊಂಬತ್ತು ವರ್ಷದ ಕತ್ತೆ ಆದರೂ. ಒಂದು ಕೈ ನಿನ್ನ ಹತ್ರ ಸಿಕ್ಕಿಹಾಕಿಕೊಂಡಿರೋದು, ಇನ್ನೊಂದು ಕೈಯಲ್ಲೇ ಇದನ್ನ ಮಾಡಿದ್ದು. ಅದಕ್ಕೇ ಅಷ್ಟು ದಿನ ಹಿಡೀತು."

ಬೆಕ್ಕು ಪ್ರತಿಮೆಯ ಕೈಯ ಮುಂದೆ ನಿಂತೇ ಇದ್ದಳು. ಮೂರು ದಿನದಿಂದ ತನ್ನನ್ನು ದೂರುತ್ತಿದೆ ಎಂದುಕೊಂಡಿದ್ದ ಕೈ ತನ್ನದೇ ಎಂದರೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ, ಬೇರೆಯಾಯಿತು ಅಷ್ಟೆ. ತಾನು ಕಾಣದ ಹೊತ್ತಿನಲ್ಲಿ, ತನ್ನ ಮೈಯಿಂದ ಕದ್ದು ತೆಗೆದ ಒಂದು ತುಂಡು, ತಾನಿಲ್ಲದಾಗ ಕತ್ತಲ ಅಂಗಡಿಯಲ್ಲಿ ಬಟ್ಟೆಯ ಕೆಳಗೆ ಮೆಲ್ಲಗೆ ಮಡಚಿಕೊಳ್ಳುತ್ತ, ಇಲ್ಲದ ಬೆರಳನ್ನು ಹುಡುಕುತ್ತಿತ್ತು.

"ಈಗ ಹೇಳು. ಬಿಸಿನೀರು ಕಾಯಿಸಲಾ?" ಎಂದರು ಅತ್ತೆ. "ಒಂದು ತಾಸಲ್ಲಿ ಬಿಚ್ಚಿಕೊಳ್ಳುತ್ತೆ. ಮತ್ತೆ ಮಡಚಲ್ಲ. ಎರಕಕ್ಕೆ ಹೋಗಿ ಕಂಚಾಗುತ್ತೆ. ಗೆರೆ ಇರಲ್ಲ, ಪೊಳ್ಳೂ ಇರಲ್ಲ. ನಿನ್ನ ಅಂಗ, ನೀನೇ ಹೇಳಬೇಕು."

ಬೆಕ್ಕು ತಲೆಯಾಡಿಸಿದಳು. ಆಮೇಲೆ ತಲೆಯಾಡಿಸಿದರೆ ಸಾಲದೆಂದು ಅನ್ನಿಸಿ, ಬಾಯಲ್ಲೇ ಹೇಳಿದಳು. "ಬೇಡ. ಬೇರೆ ಮಾಡ್ತೀನಿ."

"ನಾಡಿದ್ದು ಗಾಡಿ."

"ನಿಮ್ಮ ಕೈ ಚಾಚಿ ಕೂತ್ಕೊಳ್ಳಿ. ನೋಡಿ ಮಾಡ್ತೀನಿ."

ಬೆಸುಗೆ ಬಿಡಿಸುವುದಕ್ಕೂ ಇಬ್ಬರು ಬೇಕಾದ್ದರಿಂದ ಮಾವ ಬರುವವರೆಗೆ ಕಾದರು. ಮಾವ ಕಾದ ಚಾಕು ಹಿಡಿದು, ಏನಾಯಿತೆಂದು ಕೇಳುವ ಮುಖ ಮಾಡಿ, ಹೆಂಡತಿಯ ಮುಖ ನೋಡಿ, ಕೇಳದೆ ಬಿಟ್ಟರು. ಬಿಡಿಸಿದ ಕೈಯನ್ನು ಬೆಕ್ಕು ಬಟ್ಟೆ ಸುತ್ತದೆ ತನ್ನ ಕೆಲಸದ ಮೇಜಿನ ಮೇಲಿನ ಹಲಗೆಯಲ್ಲಿಟ್ಟಳು.

ಶುಕ್ರವಾರ ಬೆಳಿಗ್ಗೆ ಅತ್ತೆ ಕಿಟಕಿಯ ಪಕ್ಕ ಕೂತು ಬಲಗೈ ಚಾಚಿದರು. ಸುಟ್ಟ ಗುರುತುಗಳ ಕೈ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಮೇಣ. ಮೊದಲ ಅರ್ಧ ಗಂಟೆ ಬೆಕ್ಕಿನ ಕಣ್ಣು ಅದರ ಮೇಲೆ ನಿಲ್ಲಲೇ ಇಲ್ಲ. ನೋಡಿದ ಕೂಡಲೇ ಜಾರಿ ನೆಲಕ್ಕೋ ಗೋಡೆಗೋ ಹೋಗುತ್ತಿತ್ತು. ಚಾಚಿದ ಕೈ ಹಾಗೇ ಕಾಯುತ್ತಿತ್ತು. ಅದು ನಡುಗತೊಡಗಿದಾಗ ಮಾವ ಮೊಣಕೈಯ ಕೆಳಗೆ ಒಂದು ಪೆಟ್ಟಿಗೆ, ಅದರ ಮೇಲೊಂದು ಮಡಚಿದ ಚೀಲ ಇಟ್ಟರು.

"ನಲವತ್ತು ವರ್ಷ ನಾನು ಕೈ ಚಾಚಿದಾಗ ಏನೂ ಕೊಡದವರು ಇವತ್ತು ಪೆಟ್ಟಿಗೆ ಕೊಟ್ರು ನೋಡಿ," ಎಂದರು ಅತ್ತೆ.

"ಕೊಟ್ಟಿದ್ದನ್ನ ಸರಿಯಾಗಿ ಇಟ್ಕೋ, ಅಲ್ಲಾಡಿಸಬೇಡ," ಎಂದರು ಮಾವ.

ರೇಡಿಯೋ ಬಿದ್ದು ಬಿದ್ದು ನಕ್ಕಳು. ಬೆಕ್ಕಿಗೂ ನಗು ಬಂತು. ನಗುವಾಗ ಕಣ್ಣು ಎತ್ತಿದ್ದಳು. ಎತ್ತಿದ ಕಣ್ಣು ಆ ಅಂಗೈಯ ಮೇಲೆ ಬಿತ್ತು, ಬಿದ್ದು ಅಲ್ಲೇ ನಿಂತಿತು. ಹೆಬ್ಬೆರಳ ಬುಡದ ದಿಂಡು, ನಡುವಿನ ತಗ್ಗು, ಬೆರಳ ತುದಿಗಳು ಒಂದು ಚೂರು ಹಿಂದಕ್ಕೆ ಬಾಗಿದ್ದು. ಕೊಡುವ ಕೈಗಿಂತ ಕೇಳುವ ಕೈಯೇ ಹೆಚ್ಚು ಬಿಚ್ಚಿಕೊಳ್ಳುತ್ತದೆ ಎಂದು ಅವಳಿಗೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಸೌತೆಕಾಯಿಯ ಹಾಗೆ ಕಾಣುತ್ತಿರಲಿಲ್ಲ. ಸಂಜೆಗೆ ಅದು ಕೈಯಾಗಿತ್ತು. ಅಕ್ಕ ಮಾಡುತ್ತಿದ್ದಂಥದ್ದಲ್ಲ, ಉಂಗುರದ ಬೆರಳು ತುಸು ದಪ್ಪ. ಆದರೆ ಯಾರಾದರೂ ಹಿಡಿಯಬಹುದಾದ ಕೈ.

ಶನಿವಾರ ಬೆಸುಗೆ ಹಾಕುವಾಗ ಅವಳಿಗೆ ಇಪ್ಪತ್ತೂ ಕೇಳಿಸಿತು.

ಎರಕದವನು ಸಂಜೆ ಬಂದು, ಪ್ರತಿಮೆಯನ್ನು ಹುಲ್ಲಿನ ಮೇಲೆ ಮಲಗಿಸಿ ಗಾಡಿಗೇರಿಸಿದ. "ಕೈ ಮಾಡಿದ್ದು ಯಾರಮ್ಮ?" ಎಂದ. ಬೆಕ್ಕು ಕಪಾಟಿನ ಹಿಂದೆ ಸರಿಯಲು ಹೊರಟವಳು, ಸರಿಯದೆ, "ನಾನು," ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ, ಗಾಡಿ ಹೊರಟಿತು.

ಹಲಗೆಯ ಮೇಲಿನ ಕೈಯನ್ನು ಅವಳು ಮತ್ತೆ ಮುಟ್ಟಲಿಲ್ಲ. ಅದು ದಿನದಿನಕ್ಕೂ ಇನ್ನಷ್ಟು ಮಡಚಿಕೊಂಡಿತು. ತಿಂಗಳಾಗುವಷ್ಟರಲ್ಲಿ ಡಬ್ಬಿಯಿಂದ ತೆಗೆದಾಗ ಹೇಗಿತ್ತೋ ಹಾಗಾಗಿ, ಅಲ್ಲಿಗೆ ನಿಂತಿತು. ರೇಡಿಯೋ ಆ ಕಡೆ ಬೆನ್ನು ಹಾಕಿ ಕೂರುವುದನ್ನು ರೂಢಿಸಿಕೊಂಡಳು.

ಬೆಕ್ಕಿಗೆ ಹೊಸದೊಂದು ಅಭ್ಯಾಸ ಅಂಟಿಕೊಂಡಿತು. ಬೆಳಿಗ್ಗೆ ಎಚ್ಚರವಾಗುವ ಗಳಿಗೆಯಲ್ಲಿ ತನ್ನ ಕೈಯನ್ನು ನೋಡಿಬಿಡಬೇಕು, ಮಲಗಿದ್ದಾಗ ಹೇಗಿತ್ತೋ ಹಾಗೆ. ಆಗುತ್ತಿರಲಿಲ್ಲ. ಕಣ್ಣು ತೆರೆಯುವುದಕ್ಕೂ ಬೆರಳು ಬಿಚ್ಚುವುದಕ್ಕೂ ಒಂದೇ ಹೊತ್ತು. ಎಷ್ಟು ಬೇಗ ನೋಡಿದರೂ ಕೈ ಎಚ್ಚರವಾಗಿ, ಏನೂ ಗೊತ್ತಿಲ್ಲದಂತೆ ಬಿದ್ದಿರುತ್ತಿತ್ತು.

ಒಂದು ಬೆಳಿಗ್ಗೆ ಮಾತ್ರ, ಕಿಟಕಿಯಲ್ಲಿ ಬೆಳಕು ಇನ್ನೂ ಬೂದುಬಣ್ಣದಲ್ಲಿದ್ದಾಗ, ಅವಳ ಕಣ್ಣು ಮೊದಲು ತೆರೆಯಿತು. ಕೈ ದಿಂಬಿನ ಪಕ್ಕದಲ್ಲಿತ್ತು, ಮಂಚದ ಅಂಚಿನ ಕಡೆ ಚಾಚಿಕೊಂಡು. ಬೆರಳುಗಳು ಮಡಚಿದ್ದವು, ಪೂರ್ತಿಯಾಗಿ ಅಲ್ಲ. ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟಿತ್ತು. ಮಂಚದ ಆ ಅಂಚಿನಲ್ಲಿ ಹಾಸಿಗೆ ತುಸು ತಗ್ಗಾದ ಹಾಗೆ ಕಂಡಿತು. ಬೆಳಕು ಸಾಲದೆ ಹಾಗೆ ಕಂಡಿರಲೂಬಹುದು.

ಅವಳು ಅಲುಗಾಡದೆ, ಉಸಿರನ್ನೂ ಸಣ್ಣದು ಮಾಡಿಕೊಂಡು, ಅತ್ತೆ ಕೂಗಿ ಎಬ್ಬಿಸುವವರೆಗೂ ಹಾಗೇ ಮಲಗಿದ್ದಳು.